ಹಿಂದಿನ ಡಿಫರೆನ್ಷಿಯಲ್‌ನ ಬುಷ್‌ಗಳನ್ನು ನಾನು ಬದಲಾಯಿಸಿದ ಬಗೆ

ನನ್ನದು ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5. 1994ರ ಮಾದರಿ, 1.8 ಲೀಟರ್ ಎಂಜಿನ್. ಎಂಜಿನ್ನಿನ ಬಲವನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆಯೇ ಡಿಫರೆನ್ಷಿಯಲ್. ಅದನ್ನು ಹಿಡಿದಿಟ್ಟಿರುವ ಎರಡು ರಬ್ಬರ್ ಬುಷ್‌ಗಳಿಗೂ (ಹೊರಗೆ ಉಕ್ಕಿನ ಬಳೆ, ನಡುವೆ ಉಕ್ಕಿನ ಕೊಳವೆ, ಎರಡರ ಮಧ್ಯೆ ಅಂಟಿಸಿದ ರಬ್ಬರು) ಕಾರಿನಷ್ಟೇ ವಯಸ್ಸಾಗಿತ್ತು. ಇಷ್ಟು ವರ್ಷ ಬಿಸಿ, ಎಣ್ಣೆ, ಕೆಸರು ಎಲ್ಲವನ್ನೂ ತಡೆದುಕೊಂಡ ರಬ್ಬರು ಒಂದು ದಿನ ಬಿಟ್ಟುಕೊಳ್ಳುವುದು ಸಹಜವೇ. ಕ್ಲಚ್ ಬಿಟ್ಟು ಹೊರಡುವಾಗ ಸೀಟಿನ ಹಿಂದೆ ‘ಟಕ್’ ಎಂಬ ಸದ್ದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಮತ್ತೊಮ್ಮೆ ಅದೇ ಸದ್ದು. ನಿಧಾನವಾಗಿ ಸಾಗುವ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಕಾರು ಮುಗ್ಗರಿಸುತ್ತಾ ನಡೆಯುತ್ತಿತ್ತು.

ಈ ಸದ್ದು ಕೇಳಿದ ಕೂಡಲೇ ಬುಷ್ ಕೊಳ್ಳಲು ಹೋಗಬಾರದು. ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ಗೆ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಯೂನಿವರ್ಸಲ್ ಜಾಯಿಂಟ್ ಸವೆದಿದ್ದರೂ, ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಹಾಫ್ ಶಾಫ್ಟ್‌ನ ಜಾಯಿಂಟ್ ಸಡಿಲಾಗಿದ್ದರೂ, ಚಕ್ರದ ಹಬ್‌ನ ದೊಡ್ಡ ನಟ್ ಬಿಗಿ ತಪ್ಪಿದ್ದರೂ ಹೆಚ್ಚು ಕಡಿಮೆ ಇದೇ ಸದ್ದು ಬರುತ್ತದೆ. ನಾನು ಕಾರನ್ನು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಶಾಫ್ಟ್ ಅನ್ನು ಕೈಯಲ್ಲಿ ಹಿಡಿದು ತಿರುಚಿ, ಜಾಯಿಂಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಅಲ್ಲೆಲ್ಲೂ ಆಟ, ಅಂದರೆ ಸಡಿಲ ಅಲುಗಾಟ, ಕಾಣಲಿಲ್ಲ. ಆಮೇಲೆ ಡಿಫರೆನ್ಷಿಯಲ್‌ನ ತೋಳಿನ ಕೆಳಗೆ ಮರದ ತುಂಡಿಟ್ಟು ಸನ್ನೆಕೋಲಿನಿಂದ ಮೆಲ್ಲಗೆ ಎತ್ತಿದೆ. ಬ್ಯಾಟರಿ ದೀಪ ಹಿಡಿದು ನೋಡಿದರೆ ಎಡಗಡೆಯ ಬುಷ್‌ನಲ್ಲಿ ರಬ್ಬರು ನಡುವಿನ ಉಕ್ಕಿನ ಕೊಳವೆಯನ್ನು ಅರ್ಧ ಸುತ್ತು ಬಿಟ್ಟುಕೊಂಡಿತ್ತು. ಸನ್ನೆ ಒತ್ತಿದಾಗ ಸೀಳು ಬಾಯಿ ತೆರೆಯುತ್ತಿತ್ತು, ಬಿಟ್ಟಾಗ ಮುಚ್ಚಿಕೊಳ್ಳುತ್ತಿತ್ತು. ಸೀಳಿನ ಅಂಚಿನಲ್ಲಿ ಪೆನ್ಸಿಲ್ ಸೀಸದಂಥ ನುಣುಪು ಕಪ್ಪು ಪುಡಿ ಕಟ್ಟಿತ್ತು. ರಬ್ಬರು ಲೋಹಕ್ಕೆ ಉಜ್ಜುತ್ತಾ ಬಹಳ ಕಾಲವಾಗಿದೆ ಎನ್ನಲು ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮೇಲ್ಮೈಯಲ್ಲಿ ಕಾಣುವ ಸಣ್ಣ ಬಿರುಕುಗಳಿಗೆ ಹೆದರಬೇಕಾಗಿಲ್ಲ, ಹಳೆಯ ರಬ್ಬರಿನಲ್ಲಿ ಅವು ಇದ್ದೇ ಇರುತ್ತವೆ. ನೋಡಬೇಕಾದದ್ದು ರಬ್ಬರಿಗೂ ಲೋಹಕ್ಕೂ ಇರುವ ಅಂಟು ಬಿಟ್ಟಿದೆಯೇ ಎಂಬುದನ್ನು.

ಈ ಕಾರಿನ ರಚನೆಯನ್ನು ಸ್ವಲ್ಪ ಹೇಳಲೇಬೇಕು, ಏಕೆಂದರೆ ಮುಂದಿನ ಕೆಲಸವೆಲ್ಲ ಅದರ ಮೇಲೆ ನಿಂತಿದೆ. ಡಿಫರೆನ್ಷಿಯಲ್‌ನ ಅಲ್ಯೂಮಿನಿಯಂ ಕವಚದಿಂದ ಎರಡು ಬದಿಗೂ ತೋಳುಗಳು ಚಾಚಿವೆ. ಒಂದೊಂದು ತೋಳಿನ ತುದಿಯಲ್ಲಿ ಒಂದೊಂದು ಬುಷ್ ಇದ್ದು, ಅವುಗಳ ಮೂಲಕ ಕವಚ ಸಬ್‌ಫ್ರೇಮ್‌ಗೆ (ಕಾರಿನ ಹಿಂಬದಿಯ ಅಡಿಗಟ್ಟಿಗೆ) ಕೂರುತ್ತದೆ. ಡಿಫರೆನ್ಷಿಯಲ್‌ನ ಮೂಗಿಗೆ, ಅಂದರೆ ಮುಂತುದಿಗೆ, ಮಾತ್ರ ಬೇರೆ ಬುಷ್ ಇಲ್ಲ. ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ವರೆಗೆ ಹಾದುಹೋಗುವ ಒಂದು ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟು ಎರಡನ್ನೂ ಬೆಸೆದು ಮೂಗನ್ನು ಹಿಡಿದಿಡುತ್ತದೆ. ಪವರ್ ಪ್ಲಾಂಟ್ ಫ್ರೇಮ್ ಎಂದು ಅದರ ಹೆಸರು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮೂರೂ ಸೇರಿ ಒಂದೇ ಗಟ್ಟಿ ತೊಲೆಯಾಗುತ್ತವೆ. ಆ ತೊಲೆ ಮುಂದೆ ಎರಡು ಎಂಜಿನ್ ಮೌಂಟ್‌ಗಳ ಮೇಲೂ ಹಿಂದೆ ಈ ಎರಡು ಬುಷ್‌ಗಳ ಮೇಲೂ ಕುಳಿತಿರುತ್ತದೆ.

ಬಲದ ಲೆಕ್ಕವನ್ನೂ ನೋಡಿ. ಎಂಜಿನ್ ಕೊಡುವ ತಿರುಚುಬಲ ಸುಮಾರು 150 ನ್ಯೂಟನ್ ಮೀಟರ್. ಮೊದಲ ಗೇರಿನ ಅನುಪಾತ 3.14, ಡಿಫರೆನ್ಷಿಯಲ್‌ನದು 4.1. ಗುಣಿಸಿದರೆ ಹಿಂದಿನ ಚಕ್ರಗಳ ಅಚ್ಚಿನಲ್ಲಿ ಸುಮಾರು 1,900 ನ್ಯೂಟನ್ ಮೀಟರ್ ಆಗುತ್ತದೆ. ಚಕ್ರ ಮುಂದಕ್ಕೆ ತಿರುಗುವಾಗ ಅಷ್ಟೇ ಬಲ ಡಿಫರೆನ್ಷಿಯಲ್‌ನ ಮೂಗನ್ನು ಮೇಲಕ್ಕೆ ತಿರುಚುತ್ತದೆ. ತೊಲೆ ಒಂದೇ ಆಗಿರುವುದರಿಂದ ಎಂಜಿನ್ ಮೌಂಟ್‌ಗಳ ಕಡೆ ಮೇಲಕ್ಕೆ ಏಳಲು ನೋಡುತ್ತದೆ, ಹಿಂದಿನ ಬುಷ್‌ಗಳ ಕಡೆ ಕೆಳಕ್ಕೆ ಒತ್ತುತ್ತದೆ. ಕಾಲು ತೆಗೆದರೆ ಎಲ್ಲವೂ ತಿರುಗುಮುರುಗು. ಹೀಗೆ ಬಲದ ದಿಕ್ಕು ಬದಲಾಗುವ ಕ್ಷಣದಲ್ಲಿಯೇ ಸಡಿಲ ಬುಷ್ ಸದ್ದು ಮಾಡುತ್ತದೆ. ಎಂಜಿನ್ ಮೌಂಟ್‌ಗಳು ಜೋತುಬಿದ್ದಿದ್ದರೆ ಹೊಸ ಬುಷ್ ಹಾಕಿದರೂ ಅರ್ಧ ಆಟ ಹಾಗೆಯೇ ಉಳಿಯುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ. ನಾನು ಮೊದಲು ಅವನ್ನು ಪರೀಕ್ಷಿಸಿ, ಗಟ್ಟಿಯಾಗಿವೆ ಎಂದು ಖಾತ್ರಿಯಾದ ಮೇಲೆಯೇ ಹಿಂದಕ್ಕೆ ಹೋದೆ.

ಹೊಸ ಬುಷ್ ಯಾವುದಿರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ರಸ್ತೆಯಲ್ಲಿ ಓಡಿಸುವ ಕಾರಿಗೆ ರಬ್ಬರು. ಪಾಲಿಯುರೆಥೇನ್ ಗಟ್ಟಿ, ಎಣ್ಣೆಗೆ ಜಗ್ಗುವುದಿಲ್ಲ, ಕೂರಿಸುವುದೂ ಸುಲಭ. ಆದರೆ ಗೇರಿನ ಹಲ್ಲುಗಳು ಒಂದಕ್ಕೊಂದು ತಾಗುವ ಕೊರೆತದ ಸದ್ದನ್ನು ಅದು ನೇರವಾಗಿ ಕಾರಿನ ಒಡಲಿಗೆ ದಾಟಿಸುತ್ತದೆ. ರೇಸ್ ಟ್ರ್ಯಾಕಿನಲ್ಲಿ ಅದು ಲೆಕ್ಕಕ್ಕಿಲ್ಲ. ದೂರದ ಪ್ರಯಾಣದಲ್ಲಿ ಒಂದೇ ಸಮನೆ ಕಿವಿ ಕೊರೆಯುವ ಸದ್ದು ಮೈಯನ್ನು ದಣಿಸುತ್ತದೆ. ಡಿಫರೆನ್ಷಿಯಲ್ ತಯಾರಿಸಿದವರು ಅಲ್ಲಿ ರಬ್ಬರು ಇಟ್ಟದ್ದು ಆ ಸದ್ದನ್ನು ನುಂಗಲೆಂದೇ. ಪಾಲಿಯುರೆಥೇನ್ ಬೇಕೆನ್ನುವವರು ಕೊಳ್ಳುವ ಮೊದಲು ಒಂದು ವಿಷಯ ನೋಡಿಕೊಳ್ಳಬೇಕು. ಕೆಲವು ಕಿಟ್‌ಗಳಿಗೆ ಹಳೆಯ ಬುಷ್‌ನ ಹೊರ ಬಳೆ ಉಳಿದಿರಬೇಕು, ಕೆಲವಕ್ಕೆ ಅದೂ ಹೊರಬರಬೇಕು. ಕತ್ತರಿಸಿ ತೆಗೆದ ಬಳೆ ಮತ್ತೆ ಸಿಗುವುದಿಲ್ಲ.

ಬಿಚ್ಚುವ ಕೆಲಸ ಉದ್ದವೇ ಹೊರತು ಕಷ್ಟದ್ದಲ್ಲ. ಎಣ್ಣೆ ಇಳಿಸುವ ಮೊದಲು ಎಣ್ಣೆ ತುಂಬುವ ಬಿರಡೆ ಸಡಿಲವಾಗುತ್ತದೆಯೇ ಎಂದು ನೋಡಿ. ಅದು ಕಚ್ಚಿಕೊಂಡಿದ್ದರೆ ಖಾಲಿ ಡಿಫರೆನ್ಷಿಯಲ್ ಇಟ್ಟುಕೊಂಡು ಕೂರಬೇಕಾಗುತ್ತದೆ. ಸೈಲೆನ್ಸರ್‌ನ ಹಿಂಭಾಗವನ್ನು ಇಳಿಸಿದೆ. ಪ್ರೊಪೆಲ್ಲರ್ ಶಾಫ್ಟ್‌ನ ಫ್ಲ್ಯಾಂಜ್‌ಗೂ (ಬೋಲ್ಟು ಹಾಕುವ ಚಪ್ಪಟೆ ತಟ್ಟೆಗೂ) ಡಿಫರೆನ್ಷಿಯಲ್‌ನ ಫ್ಲ್ಯಾಂಜ್‌ಗೂ ಅಡ್ಡಲಾಗಿ ಬಿಳಿ ಬಣ್ಣದ ಗೆರೆ ಎಳೆದು, ಮರಳಿ ಅದೇ ಸ್ಥಾನದಲ್ಲಿ ಕೂರುವಂತೆ ಗುರುತು ಮಾಡಿದೆ. ಹಾಫ್ ಶಾಫ್ಟ್‌ಗಳ ಒಳತುದಿ ಬಿಡಿಸಿ ಪಕ್ಕಕ್ಕೆ ಕಟ್ಟಿದೆ. ಅವನ್ನು ನೇತಾಡಲು ಬಿಟ್ಟರೆ ಜಾಯಿಂಟ್ ಮತ್ತು ಅದರ ಹೊದಿಕೆಯಾದ ಬೂಟ್ ಎರಡೂ ಹಾಳು. ಚೌಕಟ್ಟನ್ನು ಬಿಚ್ಚುವ ಮೊದಲು ಗೇರ್‌ಬಾಕ್ಸ್‌ನ ಕೆಳಗೆ ಎರಡನೆಯ ಜಾಕ್ ಇಡಲೇಬೇಕು. ಗೇರ್‌ಬಾಕ್ಸ್‌ಗೆ ಪ್ರತ್ಯೇಕ ಮೌಂಟ್ ಇಲ್ಲದ್ದರಿಂದ ಚೌಕಟ್ಟು ಬಂದ ಕೂಡಲೇ ಅದರ ಹಿಂಭಾಗ ಕೆಳಕ್ಕೆ ಬೀಳುತ್ತದೆ. ಕೊನೆಗೆ ತೋಳುಗಳ ಎರಡು ನಟ್ ತೆಗೆದು, ಡಿಫರೆನ್ಷಿಯಲ್ ಅನ್ನು ಜಾಕಿನ ಮೇಲೆ ಇಳಿಸಿದೆ. ಗೆಳೆಯರೊಬ್ಬರು ಒಂದು ತೋಳು ಹಿಡಿದುಕೊಂಡಿದ್ದರು. ಒಬ್ಬರೇ ಮಲಗಿಕೊಂಡು ಇಳಿಸುವ ತೂಕ ಅದಲ್ಲ.

ನಿಜವಾದ ಕೆಲಸ ಇರುವುದು ಮೇಜಿನ ಮೇಲೆ. ಅಲ್ಯೂಮಿನಿಯಂ ತೋಳಿನೊಳಗೆ ಉಕ್ಕಿನ ಬಳೆ ದಶಕಗಳಿಂದ ಕುಳಿತಿದೆ. ಎರಡು ಲೋಹಗಳ ನಡುವೆ ತೇವ ಸೇರಿ ಸುಣ್ಣದಂಥ ಬಿಳಿ ತುಕ್ಕು ಬೆಳೆದಿರುತ್ತದೆ, ಅದು ಬಳೆಯನ್ನು ಎಲ್ಲ ಕಡೆಯಿಂದಲೂ ಹಿಸುಕಿ ಹಿಡಿದಿರುತ್ತದೆ. ಸುತ್ತಿಗೆಯಿಂದ ಹೊಡೆದು ತೆಗೆಯುವ ಆಸೆಯನ್ನು ಇಲ್ಲಿ ಬಿಡಲೇಬೇಕು. ಎರಕದ ಅಲ್ಯೂಮಿನಿಯಂ ಬಾಗುವುದಿಲ್ಲ, ಸೀಳುತ್ತದೆ. ತೋಳು ಸೀಳಿದರೆ ಇಡೀ ಕವಚ ಹೋದಂತೆ.

ಮೊದಲು ಹಳೆಯ ಬುಷ್ ಯಾವ ದಿಕ್ಕಿಗೆ, ಎಷ್ಟು ಆಳಕ್ಕೆ ಕುಳಿತಿದೆ ಎಂದು ತೋಳಿನ ಮೇಲೆ ಗೀಚಿ, ಚಿತ್ರ ತೆಗೆದುಕೊಂಡೆ. ರಬ್ಬರು ಎಲ್ಲ ದಿಕ್ಕಿಗೂ ಒಂದೇ ಸಮನೆ ದಪ್ಪ ಇರಬೇಕೆಂದಿಲ್ಲ, ಹೊಸದು ಹಳೆಯದರಂತೆಯೇ ಕೂರಬೇಕು. ಆಮೇಲೆ ಎಳೆಯುವ ಸಾಧನ: ಹೆಚ್ಚು ಬಲದ ದಪ್ಪ ಸ್ಟಡ್ (ತಿರುಪು ಕೊರೆದ ಸರಳು), ದಪ್ಪ ವಾಷರ್‌ಗಳು, ಬಳೆಯ ಅಂಚನ್ನು ಮಾತ್ರ ಒತ್ತುವ ಅಳತೆಯ ಒಂದು ಬಟ್ಟಲು, ಇನ್ನೊಂದು ಬದಿಯಲ್ಲಿ ಬಳೆ ಒಳಹೋಗುವಷ್ಟು ಅಗಲದ ಕೊಳವೆ. ಸ್ಟಡ್‌ನ ತಿರುಪಿನ ಮರೆಗೆ ಗ್ರೀಸ್ ಹಚ್ಚದೆ ಸ್ಪ್ಯಾನರ್ ಹಾಕಬೇಡಿ. ಒಣ ಮರೆ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ.

ಬಲಗಡೆಯದು ಇದರಲ್ಲೇ ಬಂತು. ಹಿಂದಿನ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆ, ಬಿಸಿಗಾಳಿ ಗನ್‌ನಿಂದ ತೋಳಿನ ತುದಿಯನ್ನಷ್ಟೇ ಕಾಯಿಸಿದೆ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 50 ಮಿಲಿಮೀಟರ್ ರಂಧ್ರವಾದರೆ 80 ಡಿಗ್ರಿ ಬಿಸಿ ಏರಿದಾಗ ಬಳೆಗಿಂತ ರಂಧ್ರ ಸುಮಾರು 0.04 ಮಿಲಿಮೀಟರ್ ಹೆಚ್ಚು ಹಿಗ್ಗಿರುತ್ತದೆ. ಬಿಗಿಯಾಗಿ ಕೂತ ಬಳೆಗೆ ಅಷ್ಟು ಸಡಿಲ ದೊಡ್ಡದು. ಬೆಂಕಿಯ ಜ್ವಾಲೆ ಹಿಡಿದು ರಬ್ಬರು ಸುಡುವವರೂ ಇದ್ದಾರೆ. ಆ ಹೊಗೆ ವಿಷ, ಶಾಖ ಎಲ್ಲಿಗೆ ಹೋಗುತ್ತದೆ ಎಂಬ ಹಿಡಿತವೂ ಇರುವುದಿಲ್ಲ. ನನಗೆ ಅದು ಒಪ್ಪಿಗೆಯಿಲ್ಲ.

ಎಡಗಡೆಯ ಬಳೆ ಜಗ್ಗಲಿಲ್ಲ. ಸ್ಟಡ್ ಬಿಗಿಯಾದಂತೆ ರಬ್ಬರು ಉಬ್ಬಿತೇ ವಿನಾ ಬಳೆ ಅಲುಗಲಿಲ್ಲ. ಬಲ ಹೆಚ್ಚಿಸುವುದನ್ನು ಅಲ್ಲಿಗೇ ನಿಲ್ಲಿಸಿ, ರಬ್ಬರಿನ ಸುತ್ತ ಸಾಲಾಗಿ ತೂತು ಕೊರೆದು ನಡುವಿನ ಕೊಳವೆಯನ್ನು ಹೊರತೆಗೆದೆ. ಆಮೇಲೆ ಹ್ಯಾಕ್ಸಾ ಬ್ಲೇಡನ್ನು ರಂಧ್ರದೊಳಗೆ ತೂರಿಸಿ, ಬಳೆಯನ್ನು ಒಳಗಿನಿಂದ ಉದ್ದಕ್ಕೆ ಕೊಯ್ಯತೊಡಗಿದೆ. ಎಲ್ಲಿ ನಿಲ್ಲಿಸಬೇಕು ಎಂಬುದೇ ಇಲ್ಲಿನ ಕುಶಲತೆ. ಉಕ್ಕು ಕೊಯ್ಯುವಾಗ ಉದುರುವ ಪುಡಿ ಬೂದುಗಪ್ಪು, ಬ್ಲೇಡಿನ ಸದ್ದು ತೆಳ್ಳಗೆ, ಕರ್ಕಶ. ಅಲ್ಯೂಮಿನಿಯಂ ತಾಗಿದರೆ ಪುಡಿ ಬೆಳ್ಳಗೆ ಹೊಳೆಯುತ್ತದೆ, ಸದ್ದು ಮಂದವಾಗುತ್ತದೆ. ನಾನು ಕೆಳಗೆ ಬಿಳಿ ಕಾಗದ ಹಾಸಿ, ಆಗಾಗ ಪುಡಿಯ ಹತ್ತಿರ ಆಯಸ್ಕಾಂತ ಹಿಡಿಯುತ್ತಿದ್ದೆ. ಅದಕ್ಕೆ ಅಂಟದ ಕಣ ಒಂದಾದರೂ ಕಂಡರೆ ಆ ಜಾಗದಲ್ಲಿ ಕೊಯ್ತ ಮುಗಿಯಿತೆಂದು ಲೆಕ್ಕ. ಬಳೆಯ ಎರಡು ತುದಿಗಳಲ್ಲೂ ಕೊಯ್ತ ಸಮನಾಗಿ ತೆಳುವಾದ ಮೇಲೆ, ಸಣ್ಣ ಉಳಿಯಿಂದ ಅಂಚನ್ನು ಒಳಕ್ಕೆ ಮಡಚಿದೆ. ಬಳೆ ಒಂದು ‘ಚಿಟ್’ ಸದ್ದಿನೊಂದಿಗೆ ಹಿಡಿತ ಬಿಟ್ಟಿತು, ಉಳಿದದ್ದನ್ನು ಕೈಯಿಂದಲೇ ಎಳೆದುಕೊಂಡೆ.

ರಂಧ್ರದ ಬಿಳಿ ತುಕ್ಕನ್ನು ನುಣುಪು ಮರಳು ಕಾಗದದಿಂದ ಉಜ್ಜಿ ತೆಗೆದೆ. ಲೋಹ ಸವೆಸಬಾರದು, ತುಕ್ಕು ಹೋದರೆ ಸಾಕು. ಅಂಚಿನಲ್ಲಿ ಸಣ್ಣ ಚೂಪು ಉಬ್ಬು ಇದ್ದರೂ ಹೊಸ ಬಳೆ ಓರೆಯಾಗುತ್ತದೆ, ಬೆರಳು ಆಡಿಸಿ ನೋಡಿ. ಹೊಸ ಬುಷ್‌ಗಳನ್ನು ರಾತ್ರಿಯೆಲ್ಲ ಫ್ರೀಜರ್‌ನಲ್ಲಿ ಇಟ್ಟಿದ್ದೆ. ತೋಳು ಬೆಚ್ಚಗಿರುವಾಗ, ಬಳೆಗೆ ಸಾಬೂನು ನೀರಿನ ತೆಳು ಪದರ ಸವರಿ, ಅದೇ ಸಾಧನವನ್ನು ತಿರುವಿ ಒಳಕ್ಕೆ ಎಳೆದೆ. ಖನಿಜ ಗ್ರೀಸ್ ರಬ್ಬರನ್ನು ತಿನ್ನುತ್ತದೆ, ಅದನ್ನು ಹತ್ತಿರ ತರಬೇಡಿ. ಒತ್ತಡ ಬೀಳಬೇಕಾದದ್ದು ಹೊರ ಬಳೆಯ ಮೇಲೆ ಮಾತ್ರ. ನಡುವಿನ ಕೊಳವೆಯನ್ನು ಒತ್ತಿದರೆ ಹೊಸ ಬುಷ್‌ನ ಅಂಟು ಹುಟ್ಟುವಾಗಲೇ ಹರಿಯುತ್ತದೆ. ಬಳೆ ಮೊದಲ ಕೆಲವು ಮಿಲಿಮೀಟರ್ ನೆಟ್ಟಗೆ ಇಳಿದರೆ ಮುಂದೆ ಓರೆಯಾಗುವುದಿಲ್ಲ. ಆ ಹಂತದಲ್ಲಿ ಕಾಲು ಸುತ್ತಿಗೊಮ್ಮೆ ನಿಲ್ಲಿಸಿ ಸುತ್ತಲೂ ಅಳೆಯುತ್ತಿದ್ದೆ.

ಮರಳಿ ಜೋಡಿಸುವಾಗ ತಾಳ್ಮೆ ಬೇಕಾದದ್ದು ಚೌಕಟ್ಟಿನ ವಿಷಯದಲ್ಲಿ. ಅದರ ಬೋಲ್ಟುಗಳ ರಂಧ್ರಗಳಲ್ಲಿ ಸ್ವಲ್ಪ ಸಡಿಲ ಇರುವುದರಿಂದ ಗೇರ್‌ಬಾಕ್ಸ್‌ನ ಬಾಲ ಎಷ್ಟು ಎತ್ತರದಲ್ಲಿ ಇರುವಾಗ ಬಿಗಿ ಮಾಡುತ್ತೀರೋ ಅಲ್ಲೇ ಅದು ನಿಲ್ಲುತ್ತದೆ. ಬಾಲ ಜೋತುಬಿದ್ದರೆ ಪ್ರೊಪೆಲ್ಲರ್ ಶಾಫ್ಟ್‌ನ ಎರಡು ತುದಿಗಳ ಕೋನ ಸಮನಾಗುವುದಿಲ್ಲ, ವೇಗ ಹೆಚ್ಚಿದಂತೆ ನಡುಕ ಶುರುವಾಗುತ್ತದೆ. ಬಿಚ್ಚುವ ಮೊದಲೇ ಎತ್ತರ ಅಳೆದು ಬರೆದಿಟ್ಟುಕೊಂಡು, ಜೋಡಿಸುವಾಗ ಕಾರ್ಖಾನೆಯ ಕೈಪಿಡಿಯ ಅಳತೆಗೆ ಹೋಲಿಸಿ ಜಾಕಿನಿಂದ ಹೊಂದಿಸಿದೆ. ಎಲ್ಲ ನಟ್, ಬೋಲ್ಟುಗಳನ್ನೂ ಕೈಯಿಂದ ಹತ್ತಿಸಿ, ಡಿಫರೆನ್ಷಿಯಲ್ ತಾನಾಗಿ ಕೂರುವಂತೆ ಒಮ್ಮೆ ಅಲುಗಾಡಿಸಿ, ಆಮೇಲೆ ಟಾರ್ಕ್ ಸ್ಪ್ಯಾನರ್ ಹಿಡಿದೆ. ಸಸ್ಪೆನ್ಷನ್ ತೋಳುಗಳ ಬುಷ್‌ಗಳನ್ನು ಚಕ್ರ ನೆಲದ ಮೇಲಿರುವ ಎತ್ತರದಲ್ಲೇ ಬಿಗಿ ಮಾಡಬೇಕೆಂಬ ನಿಯಮ ಇಲ್ಲಿ ಅನ್ವಯಿಸುವುದಿಲ್ಲ, ಏಕೆಂದರೆ ಈ ತೋಳುಗಳು ಚಕ್ರದೊಡನೆ ಏರಿಳಿಯುವುದಿಲ್ಲ. ಬುಷ್ ತಿರುಚಿಕೊಂಡ ಸ್ಥಿತಿಯಲ್ಲಿ ಬಿಗಿಯಾಗಬಾರದು, ಅಷ್ಟೇ.

ಜಿಎಲ್-5 ದರ್ಜೆಯ 75ಡಬ್ಲ್ಯೂ-90 ಗೇರ್ ಆಯಿಲ್ ಅನ್ನು ತುಂಬುವ ರಂಧ್ರದ ಕೆಳ ಅಂಚಿನಿಂದ ಹೊರಸೂಸುವವರೆಗೆ ಹಾಕಿದೆ. ಕಾರು ಸಮತಟ್ಟಾಗಿ ನಿಂತಿರಬೇಕು, ಇಲ್ಲದಿದ್ದರೆ ಆ ಮಟ್ಟಕ್ಕೆ ಅರ್ಥವಿಲ್ಲ.

ಈಗ ಗೇರ್ ಹಾಕಿ ಕ್ಲಚ್ ಬಿಟ್ಟರೆ ಕಾರು ಕಾಲಿನ ಮಾತು ಕೇಳುತ್ತದೆ. ತಿರುವಿನ ನಡುವೆ ಆಕ್ಸಿಲರೇಟರ್ ಅನ್ನು ಎಷ್ಟು ಒತ್ತಿದೆನೋ ಅಷ್ಟಕ್ಕೇ, ಆ ಕ್ಷಣಕ್ಕೇ ಹಿಂಭಾಗ ಉತ್ತರ ಕೊಡುತ್ತದೆ. ಈ ಕಾರನ್ನು ಇಷ್ಟಪಡುವವರಿಗೆ ಅದರ ಬೆಲೆ ಗೊತ್ತು. ಸೂಕ್ಷ್ಮವಾಗಿ ಆಲಿಸಿದರೆ ಒಂದು ಸಣ್ಣ ಟಿಕ್ ಇನ್ನೂ ಇದೆ. ಅದು ಹಲ್ಲುಗಳ ನಡುವೆ ಇರಲೇಬೇಕಾದ ಸಡಿಲದ್ದು, ಬುಷ್‌ಗಳದ್ದಲ್ಲ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಕೆಳಗೆ ಇಳಿದು, ತೋಳುಗಳ ಎರಡು ನಟ್‌ಗಳನ್ನೂ ಚೌಕಟ್ಟಿನ ಬೋಲ್ಟುಗಳನ್ನೂ ಟಾರ್ಕ್ ಸ್ಪ್ಯಾನರ್‌ನಿಂದ ಪರೀಕ್ಷಿಸಿದೆ. ಯಾವುದೂ ಕದಲಿರಲಿಲ್ಲ, ಬಿರಡೆಗಳ ಸುತ್ತ ಎಣ್ಣೆಯ ಪಸೆಯೂ ಇರಲಿಲ್ಲ.