ಕ್ವಾರ್ಟರ್ ಬಿಟ್ಟ ಮೇಲೇ ಸೋರಿಯಾಸಿಸ್ ಬಗ್ಗಿತು

"ಕುಡಿಯೋ ಎಣ್ಣೆಗೂ ಚರ್ಮಕ್ಕೂ ಏನಣ್ಣ ಸಂಬಂಧ?" ಅಂತ ಕೋಲಾರದ ಟೊಮೆಟೊ ಮಂಡಿಯಲ್ಲಿ ನಕ್ಕವರೇ ಜಾಸ್ತಿ. ಈಗ ಅವರೇ ನನ್ನ ಮೊಣಕೈ ತಿರುಗಿಸಿ ನೋಡುತ್ತಾರೆ.

ಸೋರಿಯಾಸಿಸ್ ಅಂದರೆ ಚರ್ಮ ಕೆಂಪಾಗಿ ದಪ್ಪಗೆದ್ದು, ಬೆಳ್ಳಗೆ ಹೊಟ್ಟು ಉದುರೋ ಕಾಯಿಲೆ. ಇದ್ದವರಿಗೆ ಹೇಳಬೇಕಿಲ್ಲ. ಹೊಟ್ಟು ಎದ್ದು ಕಾಣುತ್ತೆ ಅಂತ ಕಪ್ಪು ಅಂಗಿ ಹಾಕೋದು ಬಿಟ್ಟವರೇ ಅಲ್ವಾ ನಾವೆಲ್ಲ! ನನಗೆ ತಲೆ, ಮೊಣಕೈ, ಮೊಣಕಾಲು, ಕೊನೆಗೆ ಉಗುರಿನಲ್ಲೂ ಸೂಜಿ ಚುಚ್ಚಿದಂಥ ಗುಳಿಗಳು. ಏಳೆಂಟು ವರ್ಷದಲ್ಲಿ ಒಂದೂವರೆ ಲಕ್ಷ ಹೋಗಿರಬಹುದು. ಅದರಲ್ಲಿ ಮೂವತ್ತು ಸಾವಿರದಷ್ಟು ಗಡಿಯಾಚೆಯ ಒಬ್ಬ ನಾಟಿ ವೈದ್ಯನಿಗೆ. ಅವನ ಪುಡಿ ತಿಂದ ವಾರದಲ್ಲೇ ಮೈ ನುಣ್ಣಗಾಯಿತು, ನಿಲ್ಲಿಸಿದ್ದೇ ತಡ ಎರಡರಷ್ಟು ಎದ್ದಿತು. ಸ್ಟೀರಾಯ್ಡ್ ಬೆರೆಸಿದ್ದರೆ ಹೀಗೇ ಆಗೋದು ಅಂದರು ಚರ್ಮದ ಡಾಕ್ಟರು. ಕ್ಲೋಬೆಟಸಾಲ್ ಅನ್ನೋ ಜೋರಾದ ಸ್ಟೀರಾಯ್ಡ್ ಮುಲಾಮಂತೂ ಟ್ಯೂಬ್‌ಗಟ್ಟಲೆ ಬಳಿದಿದ್ದೇನೆ.

ಡಾಕ್ಟರು ಸೋರಿಯಾಸಿಸ್ ಹತೋಟಿಗೆ ತರೋ ಮೆಥೊಟ್ರೆಕ್ಸೇಟ್ ಮಾತ್ರೆ ಬರೆಯಲು ಹೊರಟವರು ಲಿವರ್ ಟೆಸ್ಟ್ ನೋಡಿ ಪೆನ್ನು ಕೆಳಗಿಟ್ಟರು. ಆ ಮಾತ್ರೆಯೂ ಲಿವರ್‌ಗೆ ಭಾರ, ಕುಡಿತವೂ ಭಾರ. ಮೇಲಾಗಿ ಕುಡಿತ ಉರಿಯೂತ ಕೆರಳಿಸುತ್ತೆ, ಔಷಧ ಸರಿಯಾಗಿ ಹಿಡಿಯಲ್ಲ. "ಬಿಟ್ಟು ಬನ್ನಿ, ಆಮೇಲೆ ನೋಡೋಣ" ಅಂದರು.

ನನ್ನದು ದಿನಾ ಒಂದು ಕ್ವಾರ್ಟರ್. ಟೊಮೆಟೊ ರೇಟ್ ಏರಿದ ದಿನ ಎರಡು, ಬಿದ್ದ ದಿನವೂ ಎರಡು. ಇಷ್ಟು ಕುಡಿಯೋರು ಸುಮ್ನೆ ಒಮ್ಮೆಲೇ ಬಿಡಬೇಡಿ, ಕೈ ನಡುಗುತ್ತೆ, ಫಿಟ್ಸ್ ಕೂಡ ಬರಬಹುದು. ನಾನು ಡಾಕ್ಟರು ಕೊಟ್ಟ ಮಾತ್ರೆ ತಗೊಂಡೇ ಬಿಟ್ಟೆ. ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಎರಡನೇ ತಿಂಗಳ ಕೊನೆಗೆ ತುರಿಕೆ ಇಳಿಯಿತು, ಬೆಳಗ್ಗೆ ದಿಂಬು ಕೊಡವಿದರೆ ಹೊಟ್ಟು ಕಮ್ಮಿ.

ಬ್ರಾಂಡಿ ಬೇಡ, ಬೀರ್ ಆಗಬಹುದೇನೋ ಅಂತ ಹದಿನೈದು ದಿನ ಅದನ್ನೂ ನೋಡಿದೆ. ನೆತ್ತಿ ಮತ್ತೆ ಕೆಂಪಾಯಿತು. ಹೊಂಗೆ ಎಣ್ಣೆಯಿಂದ ಚಕ್ಕೆ ಮೆತ್ತಗಾಯಿತು ನಿಜ, ಆದರೆ ಆ ವಾಸನೆಗೆ ನಮ್ಮ ಮನೆಯವರು ನನ್ನ ಹಾಸಿಗೆ ಜಗಲಿಗೆ ಹಾಕಿದರು. ಈಗ ಸ್ನಾನವಾದ ಕೂಡಲೇ, ಮೈ ಪಸೆ ಆರುವ ಮೊದಲೇ ಕೊಬ್ಬರಿ ಎಣ್ಣೆ. ಅದರಲ್ಲಿ ಏನೋ ಒಂದು ಹಾಕಿ ಕಾಯಿಸುತ್ತೇನೆ, ಅದು ನನಗೇ ಇರಲಿ.

ಬೀರೂ ಬಿಟ್ಟು, ಲಿವರ್ ಟೆಸ್ಟ್ ಸರಿ ಬಂದ ಮೇಲೆ ಮೆಥೊಟ್ರೆಕ್ಸೇಟ್ ಶುರು. ವಾರಕ್ಕೊಂದೇ ಸಲ, ದಿನಾ ನುಂಗಿದರೆ ಜೀವಕ್ಕೇ ಅಪಾಯ. ಬೇರೆ ದಿನ ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಮಾತ್ರೆ. ನಾಲ್ಕು ತಿಂಗಳಿಗೆ ಮೊಣಕೈಯಲ್ಲಿ ಉಳಿದದ್ದು ತಿಳಿ ಕಲೆ. ಮಾತ್ರೆ, ಟೆಸ್ಟ್ ಎಲ್ಲ ಸೇರಿ ತಿಂಗಳಿಗೆ ಸಾವಿರದ ಆಸುಪಾಸು, ಬಾರ್‌ಗೆ ಹೋಗುತ್ತಿದ್ದದ್ದು ಐದಾರು ಸಾವಿರ.

ಡಿಸೆಂಬರ್ ಚಳಿಗೆ ಮೊಣಕಾಲಲ್ಲಿ ರೂಪಾಯಿ ಅಗಲ ಇನ್ನೂ ಏಳುತ್ತೆ. ಅದಕ್ಕೆ ಡಾಕ್ಟರು ಹೇಳಿದಷ್ಟೇ ಮುಲಾಮು ಸಾಕು.