ಪಿಎಲ್‌ಎಲ್: ಬೇಗ ಲಾಕ್ ಆಗಬೇಕು, ತೂರಾಡಬಾರದು

ಪಿಎಲ್‌ಎಲ್ (ಫೇಸ್ ಲಾಕ್ಡ್ ಲೂಪ್) ಎಂದರೆ ಆಸಿಲೇಟರಿನ ಆವರ್ತನವನ್ನು ಒಂದು ಸ್ಥಿರ ಸಂಕೇತಕ್ಕೆ ಹೊಂದಿಸಿ ಹಿಡಿದಿಡುವ ಸರ್ಕ್ಯೂಟ್; ಹಾಗೆ ಹಿಡಿತಕ್ಕೆ ಬರುವುದೇ ಲಾಕ್. ಇದರಲ್ಲಿ ನಾನು ಮೊದಲು ಗೊತ್ತುಮಾಡುವುದು ಲೂಪ್ ಬ್ಯಾಂಡ್‌ವಿಡ್ತ್, ಅಂದರೆ ಲೂಪ್ ತಪ್ಪನ್ನು ಎಷ್ಟು ವೇಗವಾಗಿ ತಿದ್ದಬಲ್ಲದು ಎಂಬ ಅಳತೆ. ಅದು ಹೆಚ್ಚಿದಷ್ಟೂ ಲಾಕ್ ಬೇಗ. ಆದರೆ ಫೇಸ್ ಡಿಟೆಕ್ಟರ್ (ಎರಡು ಸಂಕೇತಗಳನ್ನು ಹೋಲಿಸಿ ತಪ್ಪನ್ನು ಅಳೆಯುವ ಭಾಗ) ಆವರ್ತನದ ಹತ್ತರಲ್ಲೊಂದು ಪಾಲನ್ನು ದಾಟಿಸಬೇಡಿ. ಡಿಟೆಕ್ಟರ್ 1 ಮೆಗಾಹರ್ಟ್ಸ್‌ನಲ್ಲಿದ್ದರೆ ಮಿತಿ 100 ಕಿಲೋಹರ್ಟ್ಸ್. ನಾನು 50ರಿಂದ ಶುರು ಮಾಡುತ್ತೇನೆ. ಫೇಸ್ ಮಾರ್ಜಿನ್ (ಲೂಪ್ ತೂರಾಡದಿರಲು ಇರುವ ಅಂತರ) 45ರಿಂದ 60 ಡಿಗ್ರಿ ಇರಲಿ.

ನಿಜವಾದ ತಕರಾರು ವಿಸಿಒದ್ದು, ಅಂದರೆ ಟ್ಯೂನಿಂಗ್ ವೋಲ್ಟೇಜಿಗೆ ತಕ್ಕಂತೆ ಆವರ್ತನ ಬದಲಿಸುವ ಆಸಿಲೇಟರಿನದು. ಟ್ಯೂನಿಂಗ್ ವೋಲ್ಟೇಜ್ ಬದಲಾದಂತೆ ಅದರ ಗೇನ್ (ಪ್ರತಿ ವೋಲ್ಟಿಗೆ ಆವರ್ತನ ಎಷ್ಟು ಸರಿಯುತ್ತದೆ ಎಂಬುದು) ಕೂಡ ಬದಲಾಗುತ್ತದೆ. ನಡುವಿನ ಆವರ್ತನದಲ್ಲಿ ನೆಟ್ಟಗೆ ನಿಂತ ಲೂಪ್ ಅಂಚಿನಲ್ಲಿ ತೂರಾಡಬಹುದು. ಹಾಗಾಗಿ ಎರಡೂ ತುದಿಗಳಲ್ಲಿ ಆವರ್ತನವನ್ನು ಜಿಗಿಸಿ, ಆ ವೋಲ್ಟೇಜನ್ನು ಆಸಿಲೋಸ್ಕೋಪಿನಲ್ಲಿ ನೋಡಲೇಬೇಕು (ಪ್ರೋಬ್ ಲೂಪಿಗೆ ಭಾರವಾಗದಂತೆ ನಡುವೆ ಬಫರ್ ಇರಲಿ). ಗೆರೆ ಮೂರು ನಾಲ್ಕು ಸಲ ಏರಿಳಿದು ನಿಂತರೆ ಮಾರ್ಜಿನ್ ಸಾಲದು. ಟ್ಯೂನಿಂಗ್ ವೋಲ್ಟೇಜನ್ನು ನಯಗೊಳಿಸುವ ಲೂಪ್ ಫಿಲ್ಟರಿನ ದೊಡ್ಡ ಕೆಪಾಸಿಟರಿನ ಮೌಲ್ಯ ಹೆಚ್ಚಿಸಿ.

ಇನ್ನೂ ವೇಗ ಬೇಕೆ? ಲಾಕ್ ಆಗುವವರೆಗೆ ಮಾತ್ರ ಚಾರ್ಜ್ ಪಂಪ್ (ಡಿಟೆಕ್ಟರ್ ಹೇಳಿದಂತೆ ಫಿಲ್ಟರಿಗೆ ಕರೆಂಟ್ ತುಂಬುವ ಅಥವಾ ಎಳೆಯುವ ಭಾಗ) ಕರೆಂಟನ್ನು ನಾಲ್ಕು ಪಟ್ಟು ಮಾಡಿ, ಫಿಲ್ಟರಿನ ರೆಸಿಸ್ಟರನ್ನು ಅರ್ಧಕ್ಕಿಳಿಸಿ. ಬ್ಯಾಂಡ್‌ವಿಡ್ತ್ ಇಮ್ಮಡಿಯಾಗುತ್ತದೆ, ಮಾರ್ಜಿನ್ ಹಾಗೆಯೇ ಉಳಿಯುತ್ತದೆ.