ತಲಪಾಡಿ ದಾಟಿ ಲಾ ಕಲಿತೆ: ನನ್ನ ಅನುಭವ

ಲಾ ಓದಬೇಕು ಅಂತ ನನಗೆ ಅನಿಸಿದ್ದು ಕಾಸರಗೋಡು ಕೋರ್ಟಿನ ವರಾಂಡದಲ್ಲಿ. ಆಗ ಬಿಕಾಂ ಮುಗಿದು ಎರಡು ವರ್ಷ ಆಗಿತ್ತು, ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಬದಿಯಡ್ಕದ ಹತ್ತಿರ ನಮಗೆ ಸ್ವಲ್ಪ ಅಡಿಕೆ ತೋಟ ಉಂಟು. ಅದರ ಬದಿಯ ಗುಡ್ಡದ ವಿಷಯದಲ್ಲಿ ಅಪ್ಪ ಎಷ್ಟೋ ವರ್ಷದಿಂದ ಕೋರ್ಟಿಗೆ ಅಲೆಯುತ್ತಿದ್ದರು.

ನಮ್ಮ ಮುಖ್ಯ ದಾಖಲೆ ಅಜ್ಜನ ಕಾಲದ ಪಾಲುಪಟ್ಟಿ. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕು ಅಲ್ವಾ, ಹಾಗಾಗಿ ಅದು ಪೂರ್ತಿ ಕನ್ನಡದಲ್ಲಿತ್ತು, ಪದಕ್ಕೆ ಪದ ಅಂಟಿಸಿ ಬರೆದ ಹಳೆಯ ಕೈಬರಹ. ಅದರ ಇಂಗ್ಲಿಷ್ ಅನುವಾದ ಮಾಡಿಸಿ ಕೋರ್ಟಿಗೆ ಕೊಟ್ಟಿದ್ದೆವು. ಒಂದು ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಗೇಣಿ ಇಷ್ಟು 'ಮುಡಿ' (ನಮ್ಮ ಕಡೆಯ ಹಳೆಯ ಅಳತೆ) ಅಕ್ಕಿ ಅಂತ ಇದ್ದಲ್ಲಿ ಅನುವಾದದಲ್ಲಿ ಬರೀ ಅಕ್ಕಿ ಅಂತ ಇತ್ತು. ಮಲಯಾಳದಲ್ಲಿ ಮುಡಿ ಅಂದರೆ ಕೂದಲು, ಅನುವಾದ ಮಾಡಿದವರಿಗೆ ಅರ್ಥ ಆಗದೆ ಬಿಟ್ಟಿರಬೇಕು. ಅದಾದರೂ ಹೋಗಲಿ. 'ಕುಮ್ಕಿ' ಅನ್ನುವ ಪದಕ್ಕೆ 'ಸರಕಾರಿ ಜಾಗ' ಅಂತ ಬರೆದು ಮುಗಿಸಿದ್ದರು. ಕುಮ್ಕಿ ಸರಕಾರದ್ದೇ ಹೌದು, ಆದರೆ ಹಳೆಯ ವರ್ಗ ಜಾಗದಿಂದ, ಅಂದರೆ ತೀರ್ವೆ ಕಟ್ಟುವ ಪಟ್ಟಾ ಜಾಗದಿಂದ, 100 ಗಜದೊಳಗೆ ಸೊಪ್ಪು ಸೌದೆ ತೆಗೆಯುವ ಹಕ್ಕು ಆ ಜಾಗದ ವರ್ಗದಾರನಿಗೆ ಉಂಟು, ನಮ್ಮ ಇಡೀ ಕೇಸು ನಿಂತದ್ದೇ ಆ ಹಕ್ಕಿನ ಮೇಲೆ. ಪುನಃ ಅನುವಾದ, ಪುನಃ ವಾಯಿದೆ. ಈ ಕಾಗದಗಳನ್ನು ಓದಬಲ್ಲ ವಕೀಲೆ ಆಗಬೇಕು, ಇದೇ ಕೋರ್ಟಿನಲ್ಲಿ ಆಗಬೇಕು ಅಂತ ಅವತ್ತೇ ನಿಶ್ಚಯ ಮಾಡಿದೆ.

ಕಾಲೇಜು ಹುಡುಕುವವರಿಗೆ ನಾನು ಮೊದಲು ಕೇಳುವುದು ಇದನ್ನೇ: ಕಲಿತು ಎಲ್ಲಿ ಕೆಲಸ ಮಾಡ್ತೀರಿ? ದೊಡ್ಡ ಕಂಪೆನಿ, ಬೆಂಗಳೂರು, ದೆಹಲಿ ಅಂತ ಇದ್ದರೆ ಪ್ಲಸ್ ಟು ಆದ ಕೂಡಲೇ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಕ್ಲಾಟ್ ಬರೆಯಿರಿ, ಕೊಚ್ಚಿಯ ನುಆಲ್ಸ್, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಅಂಥವುಗಳಿಗೆ ಪ್ರಯತ್ನ ಮಾಡಿ, ಐದು ವರ್ಷದ ಕೋರ್ಸು. ನನ್ನ ದಾರಿ ಅದಲ್ಲ. ನನ್ನ ಕೈಯಲ್ಲಿ ಡಿಗ್ರಿ ಇತ್ತು, ಹಾಗಾಗಿ ಮೂರು ವರ್ಷದ ಎಲ್‌ಎಲ್‌ಬಿ ಸಾಕಿತ್ತು.

ನನ್ನ ಮುಂದೆ ಇದ್ದದ್ದು ಎರಡು ದಾರಿ. ಕೇರಳದ ಎಂಟ್ರೆನ್ಸ್ ಬರೆದು ಸರಕಾರಿ ಲಾ ಕಾಲೇಜಿಗೆ ಹೋಗುವುದು ಒಂದು. ಫೀಸು ತುಂಬಾ ಕಡಿಮೆ, ನಮ್ಮ ರಾಜ್ಯದ ಮೀಸಲಾತಿ, ರಿಯಾಯಿತಿ ಎಲ್ಲ ಸಿಗುತ್ತದೆ, ಇದನ್ನು ಗಡಿಯ ಆಚೆ ನಿರೀಕ್ಷೆ ಮಾಡುವ ಹಾಗಿಲ್ಲ. ಆದರೆ ನಮಗೆ ಹತ್ತಿರದ್ದು ಅಂದರೂ ಕೋಝಿಕ್ಕೋಡ್, ಹಾಸ್ಟೆಲ್ ಬೇಕೇ ಬೇಕು. ಮನೆಯಲ್ಲಿ ಅಮ್ಮನಿಗೆ ಸೌಖ್ಯ ಇರಲಿಲ್ಲ, ರಾತ್ರಿ ನಾನು ಮನೆಯಲ್ಲಿ ಇರಲೇಬೇಕಿತ್ತು. ಇನ್ನೊಂದು ದಾರಿ ಮಂಗಳೂರು. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್, ಬೆಳಿಗ್ಗೆ ರೈಲು, ಸಂಜೆ ವಾಪಸ್. ಈಗ ಮಂಜೇಶ್ವರದಲ್ಲೇ ಕಣ್ಣೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಉಂಟು. ನಾನು ಸೇರಿದ್ದು 2018ರಲ್ಲಿ, ಆಗ ಇರಲಿಲ್ಲ. ಇದ್ದಿದ್ದರೆ ಮೊದಲು ಅಲ್ಲಿಗೇ ಹೋಗಿ ವಿಚಾರಿಸುತ್ತಿದ್ದೆ.

ಪ್ರಾಸ್ಪೆಕ್ಟಸ್ ನೋಡಿ ಏನೂ ಗೊತ್ತಾಗುವುದಿಲ್ಲ. ನಾನು ಅಂಗಡಿಗೆ ರಜೆ ಹಾಕಿ ಕ್ಲಾಸ್ ಇರುವ ದಿನವೇ ಹೋಗಿ ಕ್ಯಾಂಟೀನಿನಲ್ಲಿ ಕೂತೆ, ಕೊನೆಯ ವರ್ಷದವರನ್ನು ಹಿಡಿದು ಮಾತಾಡಿಸಿದೆ. ಕ್ಲಾಸ್ ಸರಿಯಾಗಿ ನಡೆಯುತ್ತದಾ, ಪಾಠ ಮಾಡುವವರಲ್ಲಿ ಕೋರ್ಟಿಗೆ ಹೋಗುವ ವಕೀಲರು ಇದ್ದಾರಾ, ಮೂಟ್ ಕೋರ್ಟಿನಲ್ಲಿ, ಅಂದರೆ ಕಾಲೇಜಿನ ಅಣಕು ಕೋರ್ಟಿನಲ್ಲಿ, ಎಲ್ಲರಿಗೂ ನಿಂತು ವಾದ ಮಾಡಲು ಸಿಗುತ್ತದಾ ಅಥವಾ ನಾಲ್ಕೇ ಮಂದಿಗಾ? ಒಂದು ಕಡೆ ಆಫೀಸಿನಲ್ಲೇ ಹೇಳಿದರು, 'ಫೀಸು ಕಟ್ಟಿ, ಪರೀಕ್ಷೆಗೆ ಬನ್ನಿ, ಹಾಜರಿ ನಾವು ನೋಡಿಕೊಳ್ತೇವೆ.' ಕೆಲಸ ಬಿಡದೆ ಓದಬಹುದಲ್ಲ ಅಂತ ಎರಡು ದಿನ ನನಗೂ ಆಸೆ ಆಯಿತು. ಆದರೆ ಬಾರ್ ಕೌನ್ಸಿಲ್ ನಿಯಮದಲ್ಲಿ ಪ್ರತಿ ವಿಷಯಕ್ಕೂ 70 ಶೇಕಡ ಹಾಜರಿ ಬೇಕು. ನಾಳೆ ಸತ್ಯ ಹೇಳಿ ಅಂತ ಸಾಕ್ಷಿಗೆ ಹೇಳಬೇಕಾದವಳು ಸುಳ್ಳು ಹಾಜರಿಯಿಂದ ಶುರು ಮಾಡುವುದಾ? ಮನಸ್ಸು ಒಪ್ಪಲಿಲ್ಲ. ಅಂಗಡಿ ಕೆಲಸ ಬಿಟ್ಟು, ಬೇರೆ ಕಾಲೇಜಿಗೆ ಸೇರಿದೆ.

ಅದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಹತ್ತನೆಯವರೆಗೆ ಕನ್ನಡ ಮೀಡಿಯಂ ಓದಿದವಳಿಗೆ ಅದು ದೊಡ್ಡ ಧೈರ್ಯ. ಆದರೂ ನಾನು ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆದೆ, ಯಾಕೆಂದರೆ ಕಾಸರಗೋಡಿನಲ್ಲಿ ನನ್ನ ಕನ್ನಡ ಅರ್ಜಿ ನಡೆಯುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಮಾರ್ಕು ಕಡಿಮೆ ಬಂತು. ಆಮೇಲೆ ಸರಿ ಹೋಯಿತು.

ಈ ಆಯ್ಕೆಯಲ್ಲಿ ನಷ್ಟವೂ ಆಯಿತು, ಅದನ್ನು ಹೇಳಲೇಬೇಕು. ಭೂ ಕಾನೂನು ರಾಜ್ಯಕ್ಕೊಂದು. ಮಂಗಳೂರಿನಲ್ಲಿ ನಾನು ಕಲಿತದ್ದು ಕರ್ನಾಟಕದ ಭೂಸುಧಾರಣೆ: ಗೇಣಿ ಜಮೀನು ಸರಕಾರಕ್ಕೆ ಸೇರಿದ 1974 ಮಾರ್ಚ್ 1, ಗೇಣಿದಾರರ ಡಿಕ್ಲರೇಷನ್, ಅಂದರೆ ಫಾರಂ 7ರ ಅರ್ಜಿ. ನನ್ನ ಊರಿನ ಕೇಸಿಗೆ ಬೇಕಾದದ್ದು ಕೇರಳದಲ್ಲಿ ಅದೇ ಬದಲಾವಣೆ ಆದ 1970 ಜನವರಿ 1, ಅಲ್ಲಿಯ ಲ್ಯಾಂಡ್ ಟ್ರಿಬ್ಯೂನಲ್, ಅದು ಕೊಡುವ ಹಕ್ಕುಪತ್ರ ಪಟ್ಟಯ. ಇದನ್ನು ಯಾವ ಕ್ಲಾಸಿನಲ್ಲೂ ಹೇಳಿಕೊಡಲಿಲ್ಲ. ಮೂರು ವರ್ಷದ ಕೋರ್ಸಿಗೆ 12 ವಾರ ಇಂಟರ್ನ್‌ಶಿಪ್ ಕಡ್ಡಾಯ, ಒಂದೇ ಸಲಕ್ಕೆ 4 ವಾರಕ್ಕಿಂತ ಜಾಸ್ತಿ ಮಾಡುವ ಹಾಗಿಲ್ಲ. ನನ್ನ ಜೊತೆಯವರು ಸುಮ್ನೆ ಸರ್ಟಿಫಿಕೇಟಿಗೆ ಅಂತ ಎಲ್ಲೋ ಸಹಿ ಮಾಡಿಸಿ ತಂದರು. ನಾನು ಮಾತ್ರ ಅಷ್ಟೂ ವಾರ ಕಾಸರಗೋಡಿನ ಒಬ್ಬ ಹಿರಿಯ ವಕೀಲರ ಆಫೀಸಿನಲ್ಲಿ ನೆಲದ ಮೇಲೆ ಕೂತು ಹಳೆಯ ಫೈಲು ಓದಿದೆ. ಮುಂದೆ ಅವರೇ ನನ್ನನ್ನು ಜೂನಿಯರ್ ಆಗಿ ತೆಗೆದುಕೊಂಡರು. ಗಡಿ ದಾಟಿ ಓದುವವರು ಇಂಟರ್ನ್‌ಶಿಪ್ ಮಾತ್ರ ಊರಿನ ಕೋರ್ಟಿನಲ್ಲೇ ಮಾಡಿ ಅಂತ ನಾನು ಅಷ್ಟು ಒತ್ತಿ ಹೇಳುವುದು ಇದಕ್ಕೇ.

2020ರ ಮಾರ್ಚಿನಲ್ಲಿ ಕೊರೋನಾ ಬಂದು ರಾಜ್ಯದ ಗಡಿ ತಲಪಾಡಿ ಮುಚ್ಚಿತು, ಕೆಲವು ರಸ್ತೆಗಳಿಗೆ ಮಣ್ಣು ತಂದು ಸುರಿದರು. ದಿನಾ ಹೋಗಿಬರುವ ನಮಗೆ ಕಾಲೇಜು ಒಂದೇ ದಿನದಲ್ಲಿ ಬೇರೆ ದೇಶದ ಹಾಗೆ ಆಯಿತು. ಮತ್ತೆ ಕ್ಲಾಸು ಮೊಬೈಲಿನಲ್ಲಿ, ನೆಟ್‌ವರ್ಕಿಗೆ ಗುಡ್ಡದ ಮೇಲೆ ಅದೇ ಕುಮ್ಕಿಯ ಗೇರು ಮರದ ಬುಡದಲ್ಲಿ ಕೂತು ಕೇಳಿದ್ದು.

ದುಡ್ಡಿನ ಲೆಕ್ಕ ಹಾಕುವಾಗ ಫೀಸು, ರೈಲಿನ ಪಾಸು ಇಷ್ಟಕ್ಕೇ ನಿಲ್ಲಿಸಬೇಡಿ. ಬಾರ್ ಕೌನ್ಸಿಲಿನಲ್ಲಿ ವಕೀಲರಾಗಿ ಎನ್‌ರೋಲ್ ಆಗಲು ಮೊದಲು ಸಾವಿರಗಟ್ಟಲೆ ಬೇಕಿತ್ತು, 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ ಹೇಳಿದ ಮೇಲೆ ಆ ಭಾರ ಇಳಿದಿದೆ. ಆದರೆ ಜೂನಿಯರ್ ಆಗಿ ಮೊದಲ ಎರಡು ಮೂರು ವರ್ಷ ಕೈಗೆ ಬರುವುದು ಬಸ್ಸಿನ ಖರ್ಚಿಗೆ ಸಾಕಾದರೆ ಹೆಚ್ಚು. ಸಾಲ ಮಾಡಿ ದೊಡ್ಡ ಕಾಲೇಜಿಗೆ ಸೇರಿದ್ದರೆ ನಾನು ಆ ವರ್ಷಗಳನ್ನು ದಾಟುತ್ತಿರಲಿಲ್ಲ. ಕಂತು ಕಟ್ಟಲಿಕ್ಕೆ ಅಂಗಡಿಗೇ ವಾಪಸ್ ಹೋಗುತ್ತಿದ್ದೆ.

ಡಿಗ್ರಿ ಕರ್ನಾಟಕದ್ದಾದರೂ ಎನ್‌ರೋಲ್ ಆದದ್ದು ಕೇರಳದಲ್ಲಿ, ಅದಕ್ಕೆ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಮಲಯಾಳದ್ದು. ಮಾತಾಡಲು ಚಿಕ್ಕಂದಿನಿಂದ ಬರುತ್ತದೆ, ಓದಲು ಬರುತ್ತಿರಲಿಲ್ಲ. ಪೊಲೀಸರ ಎಫ್‌ಐಆರ್, ವಿಲೇಜ್ ಆಫೀಸಿನ ವರದಿ ಎಲ್ಲ ಮಲಯಾಳದಲ್ಲೇ ಬರುವುದು. ಓದುವಾಗಲೇ ಕಲಿಯಬೇಕಿತ್ತು. ಈಗ ದಿನಾ ಸಂಜೆ ಆಫೀಸು ಮುಚ್ಚುವ ಮೊದಲು ಒಂದು ವರದಿಯ ಹತ್ತು ಸಾಲು ನೋಟುಬುಕ್ಕಿಗೆ ಇಳಿಸುತ್ತೇನೆ, ನಮ್ಮ ಗುಮಾಸ್ತರು ತಪ್ಪು ತಿದ್ದಿ ಕೊಡುತ್ತಾರೆ. ಅವರಿಗೆ ಹಳೆಯ ಕನ್ನಡ ಪಾಲುಪಟ್ಟಿ ಓದಿ ಹೇಳುವುದು ನಾನು.